ಕೀಲಿಕೈ ಯಾರದು, ಬಂಡಿ ಯಾರದು?



ನಂಜನಗೂಡಿಗೆ ಸಮೀಪವಿರುವ ಕಳಲೆಯ ಹೆಸರನ್ನು ನೀವು ಇತಿಹಾಸದ ಪಾಠದಲ್ಲಿ ಓದಿರುತ್ತೀರಿ. ಮೈಸೂರು ಸಂಸ್ಥಾನಕ್ಕೆ ದಳವಾಯಿಗಳನ್ನು ಕೊಟ್ಟ ಮನೆತನದ ಊರು ಅದು. 1734ರಲ್ಲಿ ದಳವಾಯಿ ದೇವರಾಜಯ್ಯನೂ ಅವನ ಕಡೆಯವರೂ ಏಳನೆಯ ಚಾಮರಾಜ ಒಡೆಯರನ್ನು ಪದಚ್ಯುತಗೊಳಿಸಿ ಕಬ್ಬಾಳದುರ್ಗದ ಸೆರೆಗೆ ಕಳುಹಿಸಿದರು. ಆ ಬಳಿಕ ಸಿಂಹಾಸನದಲ್ಲಿ ಕುಳಿತವರು ಅರಸರೇ ಆದರೂ ಅಧಿಕಾರದ ಕೀಲಿಕೈ ಇದ್ದದ್ದು ದಳವಾಯಿಗಳ ಕೈಯಲ್ಲಿ. ಒಡೆತನ ಒಬ್ಬರದು, ಕೀಲಿಕೈ ಇನ್ನೊಬ್ಬರದು!

ಇದೇ ದೇವರಾಜಯ್ಯನು ನಂಜನಗೂಡಿನಲ್ಲಿ ಕಪಿಲಾ ನದಿಗೆ ಸೇತುವೆ ಕಟ್ಟಿಸಿದನು. 1735ರ ಆ ಕಲ್ಲಿನ ಸೇತುವೆಯ ಮೇಲೆ ಮುಂದೆ ರಸ್ತೆಯೂ ರೈಲೂ ಜೊತೆಯಾಗಿ ಸಾಗಿದವು. ಮೈಸೂರಿನಿಂದ ಉದಕಮಂಡಲಕ್ಕೆ ಹೊರಟ ದೊಡ್ಡ ದೊಡ್ಡ ಕಾರುಗಳು ದಶಕಗಳ ಕಾಲ ಅದನ್ನೇ ದಾಟಿ ಹೋದವು. ಆ ಕಾರುಗಳ ಕೀಲಿಕೈಗೂ ಒಂದು ಇತಿಹಾಸವಿದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು.

1886ರಲ್ಲಿ ಕಾರ್ಲ್ ಬೆಂಜ್ ಪೇಟೆಂಟ್ ಪಡೆದ ಮೋಟಾರು ಬಂಡಿಗೆ ಕೀಲಿಕೈಯೇ ಇರಲಿಲ್ಲ. ಅನಂತರದ ಕಾರುಗಳನ್ನು ಮುಂದೆ ನಿಂತು, ಕಬ್ಬಿಣದ ಹಿಡಿ ತಿರುಗಿಸಿ ಚಾಲೂ ಮಾಡಬೇಕಿತ್ತು. ಹಿಡಿ ಹಿಂದಕ್ಕೆ ಒದ್ದರೆ ಕೈ ಮುರಿಯುವ ಭಯವಿತ್ತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿಗೆ ಬಂದು ಆ ಕಷ್ಟ ತಪ್ಪಿಸಿತು. ಆಗಲೂ ಕೀಲಿಕೈಯ ಕೆಲಸ ವಿದ್ಯುತ್ತನ್ನು ಹರಿಯಬಿಡುವುದಷ್ಟೇ. ಸ್ಟಾರ್ಟ್ ಮಾಡಲು ಬೇರೆ ಗುಂಡಿ ಒತ್ತಬೇಕಿತ್ತು. ಒಂದೇ ಕೀಲಿಕೈ ತಿರುಗಿಸಿ ಎಂಜಿನ್ ಎಬ್ಬಿಸುವ ಏರ್ಪಾಟನ್ನು 1949ರಲ್ಲಿ ಕ್ರೈಸ್ಲರ್ ತಂದಿತು. 1960ರ ದಶಕದಲ್ಲಿ ಪಶ್ಚಿಮ ಜರ್ಮನಿಯಲ್ಲಿಯೂ ಅನಂತರ ಅಮೆರಿಕದಲ್ಲಿಯೂ ಕಳ್ಳರ ಕಾಟ ತಡೆಯಲು ಅದೇ ಬೀಗಕ್ಕೆ ಸ್ಟೇರಿಂಗನ್ನೂ ಕಟ್ಟಿಹಾಕಲಾಯಿತು. ಹೀಗೆ ಬೆರಳುದ್ದದ ಒಂದು ಲೋಹದ ತುಂಡಿಗೆ ಇಡೀ ಬಂಡಿಯ ಅಧಿಕಾರ ಬಂದಿತು.

ಈ ಬೀಗದ ಒಳಗೆ ಏನಿದೆ? ಒಂದು ಉರುಳೆ, ಅದರೊಳಗೆ ಸ್ಪ್ರಿಂಗಿನ ಮೇಲೆ ಕುಳಿತ ತೆಳು ಬಿಲ್ಲೆಗಳ ಸಾಲು. ಸರಿಯಾದ ಕೀಲಿಕೈಯ ಹಲ್ಲುಗಳು ಬಿಲ್ಲೆಗಳನ್ನು ಒಂದೇ ಮಟ್ಟಕ್ಕೆ ತಂದಾಗ ಮಾತ್ರ ಉರುಳೆ ತಿರುಗುತ್ತದೆ. ವರ್ಷಗಳು ಉರುಳಿದಂತೆ ಹಲ್ಲುಗಳೂ ಬಿಲ್ಲೆಗಳೂ ಸವೆಯುತ್ತವೆ. ಕೀಲಿಗೊಂಚಲಿನ ಭಾರ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಸವೆದ ಕೀಲಿಕೈಯನ್ನೇ ಮಾದರಿಯಾಗಿಟ್ಟು ನಕಲು ಮಾಡಿಸಿದರೆ ಆ ಸವೆತವೂ ನಕಲಾಗುತ್ತದೆ. ಎಣ್ಣೆ ಬಿಟ್ಟರೆ ಧೂಳು ಅಂಟಿಕೊಳ್ಳುತ್ತದೆ. ಗ್ರಾಫೈಟ್ ಪುಡಿ ಲೇಸು.

1995ರಿಂದ ಪುಣೆಯಲ್ಲಿ ಜೋಡಣೆಯಾದ ಮರ್ಸಿಡಿಸ್ ಬೆಂಜ್ 124 ಮಾದರಿಯನ್ನು ಗಮನಿಸಿ. ಅಂದಿನ ವೈಭವದ ಕಾರು ಇಂದು ಹಳೆಯದಾಗಿದೆ. ಅದರ ಉರುಳೆ ಬದಲಿಸುವ ಕೆಲಸ ನೋಡಲು ಸುಲಭ. ಬ್ಯಾಟರಿಯ ತಂತಿ ಬಿಡಿಸಬೇಕು. ಕೀಲಿಕೈಯನ್ನು ಮೊದಲನೆಯ ಸ್ಥಾನಕ್ಕೆ ತಿರುಗಿಸಬೇಕು. ತೆಳುವಾದ ಉಕ್ಕಿನ ತಂತಿಯನ್ನು ಸಂದಿಗೆ ತೂರಿಸಿ ಹಿಡಿತ ಸಡಿಲಿಸಿದರೆ ಉರುಳೆ ಕೈಗೆ ಬರುತ್ತದೆ. ಹೊಸದನ್ನು ಅದೇ ಸ್ಥಾನದಲ್ಲಿ ಕೂರಿಸಿ, ಎಲ್ಲ ಸ್ಥಾನಗಳಲ್ಲೂ ತಿರುಗುತ್ತದೆಯೇ, ಸ್ಟೇರಿಂಗ್ ಬಿಡುತ್ತದೆಯೇ ಎಂದು ಪರೀಕ್ಷಿಸಬೇಕು.

ಆದರೆ ಇಲ್ಲೊಂದು ಮುಖ್ಯ ಮಾತಿದೆ. ಇದೆಲ್ಲ ಸಾಧ್ಯವಾಗುವುದು ಹಳೆಯ ಕೀಲಿಕೈ ಇನ್ನೂ ತಿರುಗುತ್ತಿರುವವರೆಗೆ ಮಾತ್ರ! ಬೀಗ ಪೂರ್ತಿ ಕಚ್ಚಿಕೊಂಡರೆ ಉರುಳೆ ಹೊರಬರುವುದಿಲ್ಲ. ಕೊರೆದು, ಕತ್ತರಿಸಿ ತೆಗೆಯಬೇಕಾಗುತ್ತದೆ. ಕಳ್ಳನನ್ನು ತಡೆಯಲೆಂದು ಮಾಡಿದ ಜಾಣತನವೇ ಆಗ ಒಡೆಯನನ್ನೂ ಹೊರಗೆ ನಿಲ್ಲಿಸುತ್ತದೆ. ಕೀಲಿಕೈ ಒಮ್ಮೆ ತಿರುಗಿ ಒಮ್ಮೆ ಮುಷ್ಕರ ಹೂಡುವ ದಿನವೇ ಎಚ್ಚರಿಕೆಯ ದಿನ.

ಇನ್ನೂ ಒಂದು ಸಂಗತಿ. ಹಳೆಯ ಕೀಲಿಗೇ ಹೊಂದುವ ಉರುಳೆ ಬೇಕೆಂದರೆ ಚಾಸಿ ಸಂಖ್ಯೆಯನ್ನೂ ವಾಹನದ ನೋಂದಣಿ ಪತ್ರವನ್ನೂ ತೋರಿಸಬೇಕು. ಕೀಲಿಕೈ ಜೇಬಿನಲ್ಲಿದ್ದ ಮಾತ್ರಕ್ಕೆ ಬಂಡಿ ನಿಮ್ಮದಾಗದು. ಒಡೆತನಕ್ಕೆ ಸಾಕ್ಷಿ ಬೇರೆಯೇ ಬೇಕು. ಕಳಲೆಯ ದಳವಾಯಿಗಳ ಕಾಲದಲ್ಲಿ ಎದ್ದ ಪ್ರಶ್ನೆಯೂ ಇದೇ ಅಲ್ಲವೇ?

ಶ್ರೀರಂಗಪಟ್ಟಣದ ಬಳಿ 'ಪಯಣ' ಎಂಬ ಹಳೆಯ ಕಾರುಗಳ ಸಂಗ್ರಹಾಲಯವಿದೆ. ಅಲ್ಲಿಗೆ ಹೋದಾಗ ಕಾರಿನ ಹೊಳಪನ್ನಷ್ಟೇ ನೋಡಬೇಡಿ. ಯಾವ ಕಾರಿನಲ್ಲಿ ಕೀಲಿಯ ಕಿಂಡಿ ಎಲ್ಲಿದೆ, ಸ್ಟಾರ್ಟರಿನ ಗುಂಡಿ ಎಲ್ಲಿದೆ ಎಂದು ಹುಡುಕಿ ಗುರುತು ಹಾಕಿಕೊಳ್ಳಿ. ತಯಾರಾದ ವರ್ಷದ ಪ್ರಕಾರ ಅವುಗಳನ್ನು ಸಾಲಾಗಿ ಬರೆದರೆ, ಈ ಇತಿಹಾಸವನ್ನು ನೀವೇ ಬರೆದಂತಾಗುತ್ತದೆ.