ಕಂಪ್ಲಿ ಕೇಳಿದರೆ ಆರು ತಾಲ್ಲೂಕು

ಬಳ್ಳಾರಿ ಸೀಮೆಯ ಗಡಿಗಳು ಒಂದೆಡೆ ನಿಂತವಲ್ಲ. ಘೋರ್ಪಡೆ ಮನೆತನದ ಸಂಡೂರು ಸಂಸ್ಥಾನ 1949ರಲ್ಲಿ ಮದ್ರಾಸಿನ ಬಳ್ಳಾರಿ ಜಿಲ್ಲೆಗೆ ಸೇರಿತು. 1953ರಲ್ಲಿ ಆಲೂರು, ಆದೋನಿ, ರಾಯದುರ್ಗ ಆಂಧ್ರದ ಪಾಲಾಗಿ, ಉಳಿದದ್ದು ಮೈಸೂರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ, ಹಂಪಿ ಅತ್ತ ಹೋದವು. ಹಿಂದೆ ಹೊಸಪೇಟೆ ತಾಲ್ಲೂಕಿನಲ್ಲೇ ಇದ್ದ ಕಂಪ್ಲಿ ಮಾತ್ರ ಸಂಡೂರಿನ ಜೊತೆ ಬಳ್ಳಾರಿಯಲ್ಲಿ ಉಳಿಯಿತು.

ಹಳೆಯ ರೂಢಿಯಲ್ಲಿ ಯಾರೋ ತಾಲ್ಲೂಕು ಹುಡುಕುವ ವೆಬ್ ಆ್ಯಪ್ ಒಂದರಲ್ಲಿ ವಿಜಯನಗರ ಜಿಲ್ಲೆಯನ್ನು ಆರಿಸಿ ‘ಕಂಪ್ಲಿ’ ಎಂದು ಹುಡುಕಿದರು ಅನ್ನಿ. ಬರಬೇಕಾದ್ದು ಖಾಲಿ ಉತ್ತರ. ಆದರೆ ಆ್ಯಪ್ ರೂಬಿ ಆನ್ ರೈಲ್ಸ್‌ನಲ್ಲಿದ್ದು, ಹುಡುಕುವ ಸ್ಕೋಪ್‌ನೊಳಗೆ ಒಂದೇ ದಾಖಲೆ ಹುಡುಕಿ, ಸಿಗದಿದ್ದರೆ ನಿಲ್ (ಏನೂ ಇಲ್ಲ) ಕೊಡುವ ‘ಫೈಂಡ್-ಬೈ’ ಕೂತಿದ್ದರೆ ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ, ಹೀಗೆ ಜಿಲ್ಲೆಯ ಆರೂ ತಾಲ್ಲೂಕುಗಳು ಸಾಲಾಗಿ ಬಂದು ನಿಲ್ಲುತ್ತವೆ. ‘ಹೊಸಪೇಟೆ’ ಎಂದು ಹುಡುಕಿದರೆ ಇನ್ನೊಂದು ಫಜೀತಿ: ಪಟ್ಟಿಯ ಬದಲು ಒಂಟಿ ದಾಖಲೆ ಬರುತ್ತದೆ. ಅದಕ್ಕೆ ‘ಆರ್ಡರ್’ ಹಚ್ಚಿದೊಡನೆ ನೋಮೆಥಡ್‌ಎರರ್.

ಆರೂ ಬರುವುದು ರೈಲ್ಸ್‌ನ ಬಗ್ ಅಲ್ಲ, ಬೇಕೆಂದೇ ಮಾಡಿಕೊಂಡ ಏರ್ಪಾಡು.

ಪದೇಪದೇ ಬೇಕಾಗುವ ಷರತ್ತಿಗೆ ಹೆಸರಿಟ್ಟು ಬಳಸುವ ಸ್ಕೋಪ್ ಎಂಬ ಈ ಸೌಲಭ್ಯ ನಿಕ್ ಕ್ಯಾಲನ್ ಬರೆದ ‘ಹ್ಯಾಸ್-ಫೈಂಡರ್’ ಎಂಬ ಪ್ಲಗಿನ್‌ನಿಂದ ಬಂದದ್ದು. 2008ರ ರೈಲ್ಸ್ 2.1 ಅದನ್ನು ‘ನೇಮ್ಡ್-ಸ್ಕೋಪ್’ ಎಂದು ಒಳಗೆ ತೆಗೆದುಕೊಂಡಿತು. 2010ರಲ್ಲಿ ರೈಲ್ಸ್ 3 ಅದನ್ನು ಬರಿಯ ‘ಸ್ಕೋಪ್’ ಮಾಡಿತು. ಒಂದರ ಬೆನ್ನಿಗೊಂದು ಸ್ಕೋಪ್ ಪೋಣಿಸುವುದೇ ಅದರ ಸೊಗಸು. ಪೋಣಿಸಲು ಪ್ರತಿಯೊಂದೂ ರಿಲೇಶನ್, ಅಂದರೆ ಮುಂದೆ ಷರತ್ತು ಸೇರಿಸಬಹುದಾದ ಕ್ವೆರಿ, ಕೊಡಬೇಕು. ಆದ್ದರಿಂದ ಸ್ಕೋಪ್ ನಿಲ್ ಕೊಟ್ಟರೆ ರೈಲ್ಸ್ ಷರತ್ತೇ ಇಲ್ಲವೆಂದು ತಿಳಿದು, ಅಲ್ಲಿಯವರೆಗಿನ ರಿಲೇಶನ್ನನ್ನೇ ಮುಂದೆ ಸಾಗಿಸುತ್ತದೆ. ಹುಡುಕು ಪೆಟ್ಟಿಗೆ ಖಾಲಿ ಬಿಟ್ಟಾಗ ಎಲ್ಲವೂ ಕಾಣಲಿ ಎನ್ನುವವರಿಗೆ ಇದು ಅನುಕೂಲವೇ. ಪಿಎಚ್‌ಪಿಯ ಲಾರಾವೆಲ್ ಕೂಡ ಸ್ಕೋಪ್‌ನಿಂದ ನಲ್ ಬಂದರೆ ಕ್ವೆರಿ ಬಿಲ್ಡರನ್ನೇ ಹಿಂದಿರುಗಿಸುತ್ತದೆ.

2013ರ ರೈಲ್ಸ್ 4 ಈ ದಾರಿಯನ್ನು ಇನ್ನಷ್ಟು ಗಟ್ಟಿ ಮಾಡಿತು. ಅದುವರೆಗೆ ಅರೇ ಕೊಡುತ್ತಿದ್ದ ‘ಆಲ್’ ರಿಲೇಶನ್ ಕೊಡತೊಡಗಿತು. ಖಾಲಿ ರಿಲೇಶನ್ ಬೇಕಾದವರಿಗೆ ‘ನನ್’ ಬಂತು.

ತಪ್ಪಿನ ಜಾಡು ಲಾಗ್‌ನಲ್ಲೇ ಇರುತ್ತದೆ. ಒಂದೇ ಹುಡುಕಾಟಕ್ಕೆ ಎರಡು ಸೆಲೆಕ್ಟ್ ಸಾಲು: ಮೊದಲನೆಯದರಲ್ಲಿ ಕಂಪ್ಲಿಯ ಹೆಸರೂ ‘ಲಿಮಿಟ್ 1’ ಕೂಡ ಇವೆ, ಎರಡನೆಯದರಲ್ಲಿ ಎರಡೂ ಇಲ್ಲ. ಕನ್ಸೋಲ್‌ನಲ್ಲಿ ಉತ್ತರದ ‘ಕ್ಲಾಸ್’ ಕೇಳಿದರೆ ಬಂದದ್ದು ರಿಲೇಶನ್ನೋ ಒಂಟಿ ದಾಖಲೆಯೋ ಗೊತ್ತಾಗುತ್ತದೆ. ಪಟ್ಟಿ ಬೇಕಿದ್ದರೆ ‘ಫೈಂಡ್-ಬೈ’ ತೆಗೆದು ‘ವೇರ್’ ಹಾಕಿದರಾಯಿತು. ಒಂದೇ ದಾಖಲೆ ಬೇಕಿದ್ದರೆ ಸ್ಕೋಪ್ ಬಿಟ್ಟು ಕ್ಲಾಸ್ ಮೆಥಡ್ ಬರೆಯುವುದು ಮೇಲು. ಅದು ನಿಲ್ಲನ್ನು ನಿಲ್ ಆಗಿಯೇ ಕೊಡುತ್ತದೆ.