ಕಾಲುವೆಯಿಂದ ಕಂಪ್ಯೂಟರಿನವರೆಗೆ: ಎಂಜಿನಿಯರಿಂಗ್ ನಮ್ಮ ಮನೆಗೆ ಬಂದ ಬಗೆ

ಹತ್ತನೆಯ ಇಯತ್ತೆ ಮುಗಿಸಿದ ಮಗುವನ್ನು ಕಂಡ ಕೂಡಲೆ ನಮ್ಮ ಹಿರಿಯರು ಕೇಳುವುದು "ಮುಂದೆ ಏನು ಓದುತ್ತೀ?" ಎಂದಲ್ಲ, "ಎಂಜಿನಿಯರಿಂಗ್ ತಾನೆ?" ಎಂದು. ಮುಂಬಯಿ, ಪುಣೆಗಳ ಕನ್ನಡಿಗರ ಮನೆಗಳಲ್ಲಿ ಈ ಮಾತು ಎಷ್ಟು ಬೇರೂರಿದೆಯೆಂದರೆ, ಬೇರೆ ವಿದ್ಯೆಯ ಹೆಸರೆತ್ತಿದ ಮಗು ಕಾರಣ ಕೊಡಬೇಕಾಗುತ್ತದೆ. ಎಂಜಿನಿಯರಿಂಗ್ ಎಂದ ಮಗುವನ್ನು ಯಾರೂ ಕಾರಣ ಕೇಳುವುದಿಲ್ಲ. ಬಿ.ಎಸ್ಸಿ. ಓದಿ ಸರಕಾರಿ ಕಚೇರಿಯಲ್ಲಿ ಕಡತ ನೋಡುವ ನಮ್ಮಂಥವರ ಮನೆಯೂ ಇದಕ್ಕೆ ಹೊರತಲ್ಲ. ಈ ಒಲವು ಎಲ್ಲಿಂದ ಬಂತು, ಹೇಗೆ ಬೆಳೆಯಿತು ಎಂಬುದನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದರೆ, ಫಾರ್ಮು ತುಂಬುವ ಮಕ್ಕಳಿಗೂ ಅವರ ತಾಯಿತಂದೆಯರಿಗೂ ಪ್ರಯೋಜನವಾದೀತೆಂದು ನಮ್ಮ ಎಣಿಕೆ.

ನಮ್ಮ ದೇಶದಲ್ಲಿ ಎಂಜಿನಿಯರಿಂಗ್ ಕಾಲೇಜು ಹುಟ್ಟಿದ್ದು ವಿದ್ಯೆಯ ಮೇಲಿನ ಪ್ರೀತಿಯಿಂದಲ್ಲ, ಕೆಲಸದ ಅವಸರದಿಂದ. 1794ರಲ್ಲಿ ಮದರಾಸಿನಲ್ಲಿ ಭೂಮಾಪನ ಕಲಿಸುವ ಶಾಲೆಯೊಂದು ಆರಂಭವಾಯಿತು. ಕಂಪನಿ ಸರಕಾರಕ್ಕೆ ನೆಲ ಅಳೆಯುವವರು ಬೇಕಾಗಿತ್ತು, ಅಷ್ಟೆ. ಉತ್ತರದಲ್ಲಿ ಗಂಗಾ ಕಾಲುವೆಯ ಕೆಲಸ ಸಾಗಿದ್ದಾಗ ಮಟ್ಟ ನೋಡುವವರು, ಸೇತುವೆ ಕಟ್ಟುವವರು ಸಾಕಷ್ಟು ಸಿಗದೆ, 1847ರಲ್ಲಿ ಆ ಕಾಲುವೆಯ ದಂಡೆಯ ಊರಾದ ರೂರ್ಕಿಯಲ್ಲೇ ಕಾಲೇಜು ತೆರೆದರು. 1854ರಲ್ಲಿ ಕಾಲುವೆಗೆ ನೀರು ಬಿಟ್ಟರು. ಅದೇ ವರ್ಷ ಪುಣೆಯಲ್ಲಿ ಎಂಜಿನಿಯರಿಂಗ್ ತರಗತಿ ಶುರುವಾಯಿತು. 1856ರಲ್ಲಿ ಕಲಕತ್ತೆಯ ಕಡೆಯ ಕಾಲೇಜು ಹುಟ್ಟಿತು. 1859ರ ಹೊತ್ತಿಗೆ ಮದರಾಸಿನ ಹಳೆಯ ಶಾಲೆಯೂ ಕಾಲೇಜಾಯಿತು. ಇವೆಲ್ಲವೂ ಮುಖ್ಯವಾಗಿ ಲೋಕೋಪಯೋಗಿ ಇಲಾಖೆಗೆ ಜನರನ್ನು ಒದಗಿಸುವ ಸಂಸ್ಥೆಗಳು. ಅದರಲ್ಲಿಯೂ ನಮ್ಮವರಿಗೆ ಮೀಸಲಾದದ್ದು ಬಹುಮಟ್ಟಿಗೆ ಕೆಳಗಿನ ಹುದ್ದೆಗಳು. ಮೇಲಿನ ಹುದ್ದೆಗಳಿಗೆಂದು ಇಂಗ್ಲೆಂಡಿನ ಕೂಪರ್ಸ್ ಹಿಲ್ಲಿನಲ್ಲಿ ಬೇರೆಯೇ ಕಾಲೇಜು ನಡೆಸುತ್ತಿದ್ದರು. ಅದು 1906ರವರೆಗೂ ನಡೆಯಿತು.

ಈ ಗೋಡೆಯನ್ನು ದಾಟಿದವರಲ್ಲಿ ನಮ್ಮ ವಿಶ್ವೇಶ್ವರಯ್ಯನವರು ಪ್ರಮುಖರು. ಮುದ್ದೇನಹಳ್ಳಿಯ ಬಡ ಹುಡುಗ ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1881ರಲ್ಲಿ ಬಿ.ಎ. ಪಾಸಾದರು. ಹೌದು, ಮೊದಲು ಬಿ.ಎ.! ಆಮೇಲೆ ಮೈಸೂರು ಸರಕಾರದ ವಿದ್ಯಾರ್ಥಿವೇತನ ದೊರೆತು ಪುಣೆಗೆ ಬಂದರು. 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು. ಮರುವರ್ಷ ಮುಂಬಯಿ ಸರಕಾರ ಅವರನ್ನು ಅಸಿಸ್ಟೆಂಟ್ ಎಂಜಿನಿಯರ್ ಆಗಿ ನೇಮಿಸಿಕೊಂಡಿತು. ಪುಣೆಯ ನಮ್ಮ ಬಂಧುಗಳು ರಜೆಯಲ್ಲಿ ನೋಡಹೋಗುವ ಖಡಕವಾಸ್ಲಾದಲ್ಲಿ, 1903ರಲ್ಲಿ, ನೀರು ಏರಿದಾಗ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳನ್ನು ಕೂರಿಸಿದವರು ಇವರೇ.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ, 1912ರಲ್ಲಿ ದಿವಾನರಾಗಿ ಅವರು ನಡೆದ ಕ್ರಮವನ್ನು ಗಮನಿಸಬೇಕು. ಶಿವನಸಮುದ್ರದ ವಿದ್ಯುತ್ತು ಅವರಿಗಿಂತ ಮೊದಲೇ, 1902ರಲ್ಲಿ, ಕೋಲಾರದ ಚಿನ್ನದ ಗಣಿಗೆ ಹರಿದಿತ್ತು. ಕನ್ನಂಬಾಡಿಯ ಅಣೆಕಟ್ಟು 1911ರಲ್ಲಿ ಆರಂಭವಾಯಿತು. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಬಂದದ್ದು 1917ರಲ್ಲಿ. ಅಂದರೆ ಮೊದಲು ಕೆಲಸ, ಹಿಂದಿನಿಂದ ಕಾಲೇಜು. ಪದವಿಯೊಂದೇ ಸಾಕೆಂದೂ ಅವರು ಭಾವಿಸಲಿಲ್ಲ. ಭದ್ರಾವತಿ ಕಾರ್ಖಾನೆಯಿಂದ ತಮಗೆ ಬರಬೇಕಾಗಿದ್ದ ಸಂಭಾವನೆಯನ್ನು ಕೈಕಸುಬು ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು. ಅದೇ ಇಂದಿನ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್. ಅಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಮುಗಿಸಿ ಮುಂಬಯಿಗೆ ಬಂದ ಮೈಸೂರಿನ ತರುಣ ವಿ.ಕೆ. ಮೂರ್ತಿಯವರು ಗುರುದತ್ತರ 'ಪ್ಯಾಸಾ', 'ಕಾಗಜ್ ಕೆ ಫೂಲ್' ಚಿತ್ರಗಳಿಗೆ ಕ್ಯಾಮರಾ ಹಿಡಿದು, 2008ರ ಸಾಲಿನ ದಾದಾಸಾಹೇಬ ಫಾಲ್ಕೆ ಪ್ರಶಸ್ತಿ ಪಡೆದರು. ಡಿಪ್ಲೊಮಾ ಎಂದರೆ ಮೂಗು ಮುರಿಯುವವರು ಇದನ್ನು ನೆನಪಿಡಬೇಕು.

ಇನ್ನು ಹೊರನಾಡಿನ ನಮ್ಮವರ ಕಥೆ. 1956ರ ಏಕೀಕರಣದವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. 1947ರಲ್ಲಿ ಹುಬ್ಬಳ್ಳಿಯಲ್ಲಿ ಕಾಲೇಜಾಗುವವರೆಗೆ ಅಲ್ಲಿಯ ಹುಡುಗರಿಗೆ ಎಂಜಿನಿಯರಿಂಗ್ ಎಂದರೆ ಪುಣೆಯ ಗಾಡಿ ಹತ್ತುವುದೇ ಆಗಿತ್ತು. ಮುಂಬಯಿಯಲ್ಲಿ 1887ರಲ್ಲಿ ಸ್ಥಾಪನೆಯಾದ ವಿ.ಜೆ.ಟಿ.ಐ. ಯಂತ್ರ ಮತ್ತು ಬಟ್ಟೆಗಿರಣಿಗಳ ವಿದ್ಯೆ ಕಲಿಸುತ್ತಿತ್ತು. ದಕ್ಷಿಣ ಕನ್ನಡದಿಂದ ಬಂದವರ ದಾರಿ ಬೇರೆ. ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು ಎಷ್ಟೋ ಮಂದಿ. ಊರಲ್ಲಿ ಹೊಲವಿಲ್ಲ, ಇಲ್ಲಿ ವಶೀಲಿಯಿಲ್ಲ. ಅಂಥವರಿಗೆ ಮಗನ ಅಂಕಪಟ್ಟಿಯೊಂದೇ ಆಸ್ತಿ; ಯಾವ ಊರಿನಲ್ಲಿಯೂ, ಯಾವ ಭಾಷೆಯವರ ನಡುವೆಯೂ ಚಲಾವಣೆಯಾಗುವ ನಾಣ್ಯ ಎಂಜಿನಿಯರಿಂಗ್ ಪದವಿ. ಆದ್ದರಿಂದ ನಮ್ಮ ಹಿರಿಯರ ಒಲವನ್ನು ಕೇವಲ ಹುಚ್ಚೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಸ್ವಾತಂತ್ರ್ಯಾನಂತರ ಈ ಒಲವಿಗೆ ದೇಶದ ಬೆಂಬಲವೂ ದೊರೆಯಿತು. ನಳಿನಿರಂಜನ ಸರ್ಕಾರ್ ಸಮಿತಿಯ ಸಲಹೆಯಂತೆ 1951ರಲ್ಲಿ ಖರಗಪುರದಲ್ಲಿ, 1958ರಲ್ಲಿ ನಮ್ಮ ಪೊವಾಯಿಯಲ್ಲಿ, 1959ರಲ್ಲಿ ಮದರಾಸು ಮತ್ತು ಕಾನಪುರಗಳಲ್ಲಿ ಐ.ಐ.ಟಿ.ಗಳು ಬಂದವು. ಕರಾವಳಿಯವರಿಗೆ ಮಣಿಪಾಲ 1957ರಲ್ಲಿ, ಸುರತ್ಕಲ್ 1960ರಲ್ಲಿ ತೆರೆದವು. ಬೆಂಗಳೂರಿನಲ್ಲಿ 1940ರಿಂದಲೇ ವಿಮಾನ ಕಾರ್ಖಾನೆಯಿತ್ತು, 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಸೇರಿಕೊಂಡವು. ಕಲಿತವನಿಗೆ ಕಾರ್ಖಾನೆ ಕಾದಿತ್ತು.

ಆದರೆ ಈ ಹೊಂದಾಣಿಕೆ ಬಹುಕಾಲ ಬಾಳಲಿಲ್ಲ. ಬರಗಾಲ, ಯುದ್ಧ, ರೂಪಾಯಿಯ ಅಪಮೌಲ್ಯಗಳಿಂದ 1966ರಿಂದ 1969ರವರೆಗೆ ಪಂಚವಾರ್ಷಿಕ ಯೋಜನೆಯೇ ನಿಂತಿತು. ಸಾವಿರಾರು ಎಂಜಿನಿಯರುಗಳು ಕೆಲಸವಿಲ್ಲದೆ ಕುಳಿತರು; ಸರಕಾರವೇ ಕಾಲೇಜುಗಳ ಪ್ರವೇಶಸಂಖ್ಯೆಯನ್ನು ಇಳಿಸಬೇಕಾಯಿತು. ಈ ಪಾಠವನ್ನು ನಾವು ಬೇಗ ಮರೆತೆವು. ಮುಂದೆ ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಖಾಸಗಿ ಕಾಲೇಜುಗಳು ಒಂದರ ಹಿಂದೊಂದು ಎದ್ದವು. ಡೊನೇಶನ್ ಎಂಬ ಶಬ್ದ ಮನೆಮಾತಾಯಿತು. ಅದನ್ನು ತಡೆಯಲು ಕರ್ನಾಟಕ 1984ರಲ್ಲಿ ಕಾನೂನನ್ನೇ ಮಾಡಿತು. 1992ರಲ್ಲಿ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ವಸೂಲಿಯನ್ನು ಖಂಡಿಸಿತು. ಇಷ್ಟು ಹೊತ್ತಿಗೆ ಹಳೆಯ ಕ್ರಮ ತಲೆಕೆಳಗಾಗಿತ್ತು. ರೂರ್ಕಿಯಲ್ಲಿ, ಬೆಂಗಳೂರಿನಲ್ಲಿ ಕೆಲಸವಿತ್ತು, ಅದಕ್ಕಾಗಿ ಕಾಲೇಜು ಕಟ್ಟಿದರು. ಈಗ ಸೀಟು ಮೊದಲು, ಕೆಲಸ ಆಮೇಲೆ.

ಕಂಪ್ಯೂಟರು ಬಾರದೆ ಇದ್ದಿದ್ದರೆ ಏನಾಗುತ್ತಿತ್ತೋ! 1981ರಲ್ಲಿ ಪುಣೆಯಲ್ಲಿ ಹುಟ್ಟಿದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಹೋಯಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅಲ್ಲಿಗೆ ಬಂತು. ಸಿವಿಲ್ ಓದಿದವರು, ಮೆಕ್ಯಾನಿಕಲ್ ಓದಿದವರು ಎಲ್ಲರೂ ಆ ನೆರಳಿಗೆ ಸರಿದರು. ಆ ಮರವೂ 2001ರಲ್ಲಿ, 2008ರಲ್ಲಿ ಎಲೆ ಉದುರಿಸಿದ್ದನ್ನು ನಾವು ಕಂಡಿದ್ದೇವೆ. ಆ ಮೇಲೆ ಅನೇಕ ಕಾಲೇಜುಗಳಲ್ಲಿ ಸಿವಿಲ್, ಮೆಕ್ಯಾನಿಕಲ್ ಸೀಟುಗಳು ಖಾಲಿ ಬಿದ್ದು, ಕಂಪ್ಯೂಟರ್ ವಿಭಾಗಕ್ಕೆ ನೂಕುನುಗ್ಗಲಾಯಿತು.

ಹೆಣ್ಣುಮಕ್ಕಳ ಮಾತನ್ನು ಬಿಟ್ಟರೆ ಈ ಚರಿತ್ರೆ ಅರ್ಧವಾದೀತು. ಹದಿನೆಂಟರ ವಯಸ್ಸಿಗೆ ವಿಧವೆಯಾಗಿ ಕೈಗೂಸಿನೊಂದಿಗೆ ಉಳಿದ ಎ. ಲಲಿತಾ, 1940ರಲ್ಲಿ ಮದರಾಸಿನ ಗಿಂಡಿ ಕಾಲೇಜು ಸೇರಿ ವಿದ್ಯುತ್ ಎಂಜಿನಿಯರ್ ಆದರು. ನಂಜನಗೂಡಿನಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರು ಗಣಿತದಲ್ಲಿ ಎಂ.ಎಸ್ಸಿ. ಮಾಡಿ, ಅಮೆರಿಕದ ಮಿಶಿಗನ್ನಿನಲ್ಲಿ ಎಂಜಿನಿಯರಿಂಗ್ ಕಲಿತು, 1953ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ ಅಧ್ಯಾಪಕಿಯಾದರು. ಬಿ.ಎ. ಬಾಗಿಲಿನಿಂದ ವಿಶ್ವೇಶ್ವರಯ್ಯ, ಗಣಿತದ ಬಾಗಿಲಿನಿಂದ ಈಕೆ. ನಮ್ಮ ಟ್ರಾಂಬೆಯ ಅಣುಶಕ್ತಿ ಕೇಂದ್ರದ ತರಬೇತಿ ಶಾಲೆಯೂ 1957ರಿಂದ ಎಂಜಿನಿಯರುಗಳ ಜೊತೆಗೆ ವಿಜ್ಞಾನ ಪದವೀಧರರನ್ನು ಆರಿಸಿಕೊಳ್ಳುತ್ತ ಬಂದಿದೆ. ಹನ್ನೆರಡನೆಯ ಇಯತ್ತೆಯ ಒಂದು ಪರೀಕ್ಷೆಯೊಡನೆ ಎಲ್ಲ ಬಾಗಿಲೂ ಮುಚ್ಚಿತೆಂದು ಮಕ್ಕಳನ್ನು ಹೆದರಿಸುವುದು ತಪ್ಪು.

ಹಾಗಾದರೆ ನಾವು ಮಾಡಬೇಕಾದುದೇನು? ಯಾವ ಸೀಟು ಸಿಕ್ಕೀತು ಎಂದು ಕೇಳುವ ಮೊದಲು, ಯಾವ ಕೆಲಸ ಮಾಡಬೇಕೆಂದಿದ್ದೀ ಎಂದು ಮಗುವನ್ನು ಕೇಳೋಣ. ಉತ್ತರ ತಿಳಿಯದಿದ್ದರೆ, ಆ ಕೆಲಸ ಮಾಡುವವರ ಬಳಿ ಒಂದು ದಿನ ಕರೆದುಕೊಂಡು ಹೋಗೋಣ. ನಮ್ಮ ಸಂಘದ ಸದಸ್ಯರಲ್ಲೇ ಅಂಥವರು ಬೇಕಾದಷ್ಟು ಮಂದಿ ಇದ್ದಾರೆ. ಸಾಲ ತೆಗೆಯುವುದಾದರೆ ಕಾಲೇಜಿನ ಕಟ್ಟಡ ನೋಡಿ ಅಲ್ಲ, ಅಲ್ಲಿಂದ ಹಿಂದಿನ ವರ್ಷಗಳಲ್ಲಿ ಹೊರಬಿದ್ದವರು ಎಲ್ಲಿದ್ದಾರೆಂದು ವಿಚಾರಿಸಿ ತೆಗೆಯೋಣ. ಊರಿನ ಕಾಲೇಜಿಗೇ ಕಳಿಸುವ ಆಸೆಯಿದ್ದವರಿಗೆ ಇನ್ನೊಂದು ಮಾತು: ಕರ್ನಾಟಕದ ಸಿ.ಇ.ಟಿ.ಗೆ ಹೊರನಾಡು ಕನ್ನಡಿಗರೆಂದು ಅರ್ಜಿ ಹಾಕುವ ಮಕ್ಕಳು ಕನ್ನಡ ಭಾಷೆಯ ಪರೀಕ್ಷೆಯನ್ನೂ ಬರೆಯಬೇಕಾಗುತ್ತದೆ. ಅದಕ್ಕೆ ಟ್ಯೂಶನ್ ಬೇಡ, ಮನೆಯಲ್ಲಿ ಚಿಕ್ಕಂದಿನಿಂದ ಅಕ್ಷರ ತಿದ್ದಿಸಿದರೆ ಸಾಕು. ಇಷ್ಟೆಲ್ಲ ವಿಚಾರಿಸಿದ ಮೇಲೂ ಮಗು ಎಂಜಿನಿಯರಿಂಗನ್ನೇ ಆರಿಸಿಕೊಂಡರೆ ನಮಗೆಲ್ಲ ಸಂತೋಷವೇ. ಬೇರೊಂದನ್ನು ಆರಿಸಿಕೊಂಡರೆ, ಸಮಾರಂಭದಲ್ಲಿ ಸಿಕ್ಕಾಗ ಅದಕ್ಕೂ ಅಷ್ಟೇ ಸಂತೋಷದಿಂದ ಶುಭ ಕೋರೋಣ.