ಸಹದೇವಿ: ಬದುವಿನ ಹೂವೊಂದರ ಪೂರ್ವವೃತ್ತ

ಅರಸರ ಚರಿತ್ರೆಯನ್ನು ಹೇಳಲು ಶಾಸನಗಳಿವೆ. ಬದುವಿನ ಹೂವಿನ ಚರಿತ್ರೆಗೆ ಅಂತಹ ಆಸರೆಯಿಲ್ಲ. ಆದುದರಿಂದಲೇ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಹೊಲಗಳ ಅಂಚಿನಲ್ಲಿ ತಾನಾಗಿ ಬೆಳೆಯುವ ಸಹದೇವಿಯ ಪೂರ್ವವೃತ್ತವನ್ನು ಬಲ್ಲವರು ವಿರಳ. ಕನ್ನಡ ತೆಲುಗುಗಳೆರಡೂ ಬೆರೆತ ಈ ಸೀಮೆಯಲ್ಲಿ ಈ ಹೆಸರು ಎರಡು ನುಡಿಗಳಿಗೂ ಸಲ್ಲುತ್ತದೆ.

ಸಹದೇವಿಯು ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದುದು. ನಾವು ಒಂದು ಹೂವೆಂದು ಭಾವಿಸುವ ನೇರಳೆ ಬಣ್ಣದ ಪುಟ್ಟ ಗುಚ್ಛದಲ್ಲಿ ವಾಸ್ತವವಾಗಿ ಸುಮಾರು 20 ಕಿರುಹೂಗಳು ಕೂಡಿರುತ್ತವೆ. ಬಲಿತ ಬೀಜವು ಬಿಳಿಯ ರೋಮಗಳ ಕುಚ್ಚನ್ನು ಧರಿಸಿ ಗಾಳಿಯೊಡನೆ ಹಾರುತ್ತದೆ. ಬಿತ್ತುವವರ ಹಂಗು ಅದಕ್ಕಿಲ್ಲ.

ಆಯುರ್ವೇದವು ಇದನ್ನು ಜ್ವರದ ಔಷಧಿಗಳಲ್ಲಿ ಎಣಿಸಿದೆ. ಕೇರಳದ ದಶಪುಷ್ಪಗಳಲ್ಲಿ ಇದೂ ಒಂದು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡನು ಅಲ್ಲಿಯ ವೈದ್ಯರ ನೆರವಿನಿಂದ ಸಿದ್ಧಪಡಿಸಿದ, 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಅಚ್ಚಾದ ‘ಹೊರ್ತುಸ್ ಮಲಬಾರಿಕುಸ್’ ಗ್ರಂಥದಲ್ಲಿ ಇದರ ಚಿತ್ರವಿದೆ. 1753ರಲ್ಲಿ ಲಿನೀಯಸನು ಇದನ್ನು ‘ಕೊನೈಜಾ ಸಿನೆರಿಯಾ’ ಎಂದು ಕರೆದನು. 1829ರಲ್ಲಿ ಲೆಸ್ಸಿಂಗನು ‘ವೆರ್ನೋನಿಯಾ’ ಗಣಕ್ಕೂ, 1990ರಲ್ಲಿ ರಾಬಿನ್ಸನ್ನರು ‘ಸಯಾಂಥಿಲಿಯಮ್’ ಗಣಕ್ಕೂ ಸೇರಿಸಿದರು. ಗಣದ ಹೆಸರು ಎರಡು ಬಾರಿ ಬದಲಾದರೂ ‘ಬೂದಿಯ ಬಣ್ಣದ್ದು’ ಎಂಬರ್ಥದ ಲ್ಯಾಟಿನ್ ವಿಶೇಷಣ ಮಾತ್ರ ಅಳಿಯಲಿಲ್ಲ.

ಇದೇ ಕುಟುಂಬದ ಇನ್ನೊಂದು ಸಸ್ಯದ ಚರಿತ್ರೆ ಬೇರೆ ಬಗೆಯದು. ಅಮೆರಿಕ ಖಂಡದಿಂದ ಬಂದ ಪಾರ್ಥೇನಿಯಮ್, ಅರ್ಥಾತ್ ಕಾಂಗ್ರೆಸ್ ಗಿಡ, 1955ರಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದು, ಕೆಲವೇ ವರ್ಷಗಳಲ್ಲಿ ನಮ್ಮ ನಾಡನ್ನೂ ವ್ಯಾಪಿಸಿತು. 1975ರಲ್ಲಿ ಕರ್ನಾಟಕ ಸರಕಾರವು ಇದನ್ನು ಹಾನಿಕಾರಕ ಕಳೆಯೆಂದು ಘೋಷಿಸಿತು. 1984ರಲ್ಲಿ ಇದನ್ನು ತಿನ್ನುವ ಮೆಕ್ಸಿಕೋ ದೇಶದ ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಡಲಾಯಿತು. ಆದರೂ ಕಳೆ ನಿರ್ಮೂಲವಾಗಲಿಲ್ಲ.

ವಿಷಾದದ ಸಂಗತಿಯೆಂದರೆ, ಶ್ರಮದಾನದ ದಿನ ಕಿತ್ತೆಸೆದ ರಾಶಿಯಲ್ಲಿ ಎರಡೂ ಒಟ್ಟಿಗೆ ಬಿದ್ದಿರುತ್ತವೆ. ಕಳೆನಾಶಕಕ್ಕಂತೂ ಹಳೆಯದು ಹೊಸದು ಎಂಬ ವಿವೇಕವಿಲ್ಲ. ಆ ವಿವೇಕ ಮನುಷ್ಯನಿಗೆ ಇರಬೇಕಾದುದು. ಗುರುತಿಸುವುದು ಕಠಿಣವೇನಲ್ಲ: ಪಾರ್ಥೇನಿಯಮ್ಮಿನ ಎಲೆ ಆಳವಾಗಿ ಸೀಳಿರುವುದು, ಹೂ ಬಿಳಿಯದು, ಸಹದೇವಿಯ ಎಲೆ ಸೀಳಿಲ್ಲದ್ದು, ಹೂ ನೇರಳೆಯದು. ಮೊದಲಿನದನ್ನು ಹೂ ಬಿಡುವ ಮುನ್ನವೇ ಬೇರುಸಹಿತ ಕೀಳಬೇಕು. ಎರಡನೆಯದನ್ನು ಬದುವಿನಲ್ಲಿ ಇರಗೊಡಬೇಕು.

ಗಿಡ ಅಳಿಯುವುದಕ್ಕೆ ಮೊದಲು ಅದರ ಹೆಸರು ಅಳಿಯುತ್ತದೆ. ಹೆಸರು ತಿಳಿಯದ ಗಿಡವೆಲ್ಲವೂ ಕೈಗೆ ಕಳೆಯಾಗಿಯೇ ತೋರುತ್ತದೆ. ಊರಿನ ಹಿರಿಯರು ಇನ್ನೂ ಇರುವಾಗಲೇ ಮಕ್ಕಳನ್ನು ಬದುವಿಗೆ ಕರೆದೊಯ್ದು ಈ ಹೂವಿನ ಹೆಸರನ್ನು ಒಮ್ಮೆ ಹೇಳಿಕೊಡಲಿ. ಅಷ್ಟಾದರೆ ಈ ಚರಿತ್ರೆ ಮುಂದುವರಿದೀತು.